ಬಲಗಾಲಿನ ಹೂಂ

ನಗು, ಅಪ್ಪನ ನಗು, ಬೇರೆಲ್ಲೋ ಅಲ್ಲ, ಇಲ್ಲೇ ಎದುರಿಗೆ, ಬ್ಲೇಡು ಅವನ ಅಂಗಾಲಿನ ಅಂಚನ್ನು ಕೆರೆಯುತ್ತಿರುವಾಗಲೇ, ಹಲ್ಲೆಲ್ಲ ಬಿಟ್ಟುಕೊಂಡು, ಏನಮ್ಮಾ ತಾಯಿ, ಆಲೂಗಡ್ಡೆ ಸಿಪ್ಪೆ ತೆಗೆದ ಹಾಗೆ ತೆಗೀತಿದೀಯಲ್ಲ, ಸ್ವಲ್ಪ ಉಳಿಸಮ್ಮ, ಮನೆಗೆ ನಡ್ಕೊಂಡು ಹೋಗ್ಬೇಕು, ಅಂತ ತಮಾಷೆ ಬೇರೆ, ಸಿಸ್ಟರೂ ಮಾಸ್ಕಿನೊಳಗೇ ನಗುತ್ತಾಳೆ, ಅಲ್ಲಾಡಬೇಡಿ ಯಜಮಾನ್ರೇ, ಅಲ್ಲಾಡಿದ್ರೆ ಒಳ್ಳೆ ಮಾಂಸಾನೂ ಬಂದ್ಬಿಡುತ್ತೆ, ಬರಲಿ ಬಿಡಮ್ಮ ನನಗೇನು ಗೊತ್ತಾಗುತ್ತಾ — ಗೊತ್ತಾಗುವುದಿಲ್ಲ, ಅದೇ ತಾನೇ, ದಪ್ಪಗಟ್ಟಿದ ಹಳದಿ ಚರ್ಮ ಸುರುಳಿ ಸುರುಳಿಯಾಗಿ ಸ್ಟೀಲ್ ಬಟ್ಟಲಿಗೆ ಬೀಳುತ್ತಿದೆ, ಹುಣ್ಣಿನ ಸುತ್ತ ಕಟ್ಟಿಕೊಳ್ಳುವ ಆ ದಪ್ಪವನ್ನು ತೆಗೆಯದಿದ್ದರೆ ಹುಣ್ಣು ಮುಚ್ಚುವುದೇ ಇಲ್ಲವಂತೆ, ಒಂದು ಕಡೆ ರಕ್ತ ಜಿನುಗಿತು, ಸಿಸ್ಟರ್ ಹತ್ತಿ ಒತ್ತಿದಳು, ಅಪ್ಪ ಕಿಟಕಿಯಾಚೆಗಿನ ಪಾರಿವಾಳ ನೋಡುತ್ತಿದ್ದಾನೆ, ಸ್ಟೂಲಿನ ಮೇಲೆ ಕೂತ ಮಗನ ಬಲಗಾಲಿನ ಬೆರಳುಗಳು ಮಾತ್ರ ಚಪ್ಪಲಿಯೊಳಗೆ ಮುದುರಿಕೊಳ್ಳುತ್ತಿವೆ, ಒಂದೊಂದು ಸುರುಳಿ ಬಿದ್ದಾಗಲೂ, ತಾವಾಗಿಯೇ, ಯಾರೋ ಕೀಲಿ ಕೊಟ್ಟ ಹಾಗೆ. ಅಯ್ಯಯ್ಯೋ ಸತ್ತೆ, ಅಂತ ಕಿರುಚಿದ್ದು ಅಪ್ಪನಲ್ಲ, ಪಕ್ಕದ ಮಂಚದ ರಿಟೈರಾದ ಮೇಷ್ಟ್ರು, ಅವರದು ಬರೀ ಆಣಿ, ಕಿರುಬೆರಳ ಮೇಲೊಂದು ಕಡಲೆ ಗಾತ್ರದ ಆಣಿ, ಮನೆಯಲ್ಲಿ ಗಡ್ಡದ ಬ್ಲೇಡಿನಲ್ಲಿ ತಾವೇ ಕೊಯ್ದುಕೊಂಡು ಕೀವು ಮಾಡಿಕೊಂಡು ಬಂದಿದ್ದಾರೆ, ಇನ್ನೊಬ್ಬಳು ಸಿಸ್ಟರ್ ಹತ್ತಿ ತಾಕಿಸಿದ್ದಷ್ಟೇ, ಅಷ್ಟಕ್ಕೇ ಮಂಚದಿಂದ ಒಂದು ಗೇಣು ಮೇಲೆದ್ದರು, ಏನ್ ಮೇಷ್ಟ್ರೇ, ಹುಡುಗರ ಕೈ ಮೇಲೆ ಬೆತ್ತ ಬೀಸೋವಾಗ ಇಷ್ಟು ನೋವಾಗ್ತಿತ್ತಾ ನಿಮಗೆ, ಅಂದ ಅಪ್ಪ, ಮೇಷ್ಟ್ರು ಕಣ್ಣೊರೆಸಿಕೊಂಡು, ನಿಮ್ಮ ಹಾಗೆ ಗಟ್ಟಿ ಪಿಂಡ ಅಲ್ಲಪ್ಪ ನಾನು, ಅಂದರು. ಗಟ್ಟಿ ಪಿಂಡವಂತೆ, ಮಗನಿಗೆ ಮೈ ಉರಿಯಿತು, ಮೇಷ್ಟ್ರ ಮೇಲೋ ಅಪ್ಪನ ಮೇಲೋ ಆ ಹಾಳು ಪಾರಿವಾಳದ ಮೇಲೋ, ಎದ್ದು ಹೋಗಿ ಮೇಷ್ಟ್ರ ಕೊರಳಪಟ್ಟಿ ಹಿಡಿಯಬೇಕು, ನಿಮ್ಮ ಕಿರುಚಾಟ ಇದೆಯಲ್ಲ ಸಾರ್, ಅದರಲ್ಲೊಂದು ಚೂರು ಕೊಡಿ ಇವನಿಗೆ ಅನ್ನಬೇಕು, ಒಂದೇ ಒಂದು ಅಯ್ಯೋ, ಸಾಕು, ಅಷ್ಟು ಸಿಕ್ಕರೆ ಇವತ್ತಿನ ಮಟ್ಟಿಗೆ ಎಲ್ಲ ಬಗೆಹರಿಯುತ್ತದೆ.

ಯಾಕೆಂದರೆ ಇವತ್ತು ಡಾಕ್ಟರಮ್ಮ ಬರುತ್ತಾಳೆ, ಕಳೆದ ಸಲವೇ ಹೇಳಿದ್ದಳು, ಹುಣ್ಣು ಮಾಯುತ್ತೆ ಯಜಮಾನ್ರೇ, ಮಾಯ್ತಾನೇ ಇದೆ, ಆದ್ರೆ ಗಾಡಿ ಓಡಿಸೋ ವಿಷಯ ಬೇರೆ, ಕಾಲಿಗೆ ಸ್ಪರ್ಶ ಇದೆಯಾ ಇಲ್ಲವಾ ನೋಡ್ತೀನಿ, ಇದ್ರೆ ಸಂತೋಷವಾಗಿ ಬರ್ಕೊಡ್ತೀನಿ, ಇಲ್ಲದಿದ್ರೆ ಸ್ಟೇರಿಂಗ್ ಮುಟ್ಟಬೇಡಿ — ಅಪ್ಪನ ಮುಖ ಆಗ ಗಾಳಿ ಬಿಟ್ಟ ಟ್ಯೂಬಿನ ಹಾಗೆ ಇಳಿದುಹೋಗಿತ್ತು, ಶಾಲೆಯ ಹಳದಿ ಬಸ್ಸು ಬಿಟ್ಟರೆ ಅವನಿಗೆ ಇನ್ನೇನಿದೆ, ಮಕ್ಕಳು ಹೆಸರು ಹಿಡಿದು ಕರೆಯುವುದಿಲ್ಲ, ಬಸ್ ತಾತ ಅನ್ನುತ್ತವೆ, ಬಸ್ ತಾತಾ ಹಾರ್ನ್ ಹೊಡಿ, ಬಸ್ ತಾತಾ ಇವನು ನನ್ನ ಜುಟ್ಟು ಎಳೆದ, ಈಗ ಬದಲಿ ಡ್ರೈವರ್ ಯಾರೋ ಮೀಸೆಯವನು ಬಂದಿದ್ದಾನೆ, ಹಾರ್ನೇ ಹೊಡೆಯುವುದಿಲ್ಲವಂತೆ ಮುಂಡೇದು, ಅಪ್ಪ ಗೇಟಿನ ಹತ್ತಿರ ಕುರ್ಚಿ ಹಾಕಿಕೊಂಡು ಆ ಬಸ್ಸು ಹೋಗುವುದನ್ನು ನೋಡುತ್ತಾನೆ, ಗೇರ್ ಬದಲಾಯಿಸುವ ಸದ್ದು ಕೇಳಿ ಹಲ್ಲು ಕಡಿಯುತ್ತಾನೆ, ಕ್ಲಚ್ ಪೂರ್ತಿ ಒತ್ತೋ, ಅಂತ ಬೀದಿಗೆ ಕೂಗುತ್ತಾನೆ. ಡಾಕ್ಟರಮ್ಮನಿಗೆ ಗೊತ್ತಿಲ್ಲದ್ದು ಒಂದಿದೆ, ಅಮ್ಮನಿಗೂ ಗೊತ್ತಿಲ್ಲ, ಗೊತ್ತಿರುವುದು ಅಪ್ಪನಿಗೆ ಮತ್ತು ಮಗನಿಗೆ, ಆ ಮಧ್ಯಾಹ್ನ ಮಗ ತನ್ನ ಪಂಕ್ಚರ್ ಅಂಗಡಿಯ ಮುಂದೆ ಕುಕ್ಕರುಗಾಲಲ್ಲಿ ಕೂತು ಯಾರದೋ ಟೈರಿನೊಳಗೆ ಕೈ ಆಡಿಸುತ್ತಿದ್ದ, ಮುಳ್ಳು ಹುಡುಕುವುದೇ ಹಾಗೆ, ಕಣ್ಣಿಗೆ ಕಾಣುವುದಿಲ್ಲ, ಬೆರಳ ತುದಿಗೇ ಸಿಗಬೇಕು, ತಲೆಯೆತ್ತಿದರೆ ಹಳದಿ ಬಸ್ಸು, ಗಾಳಿ ಹೊಡೆಸಲು ಅಪ್ಪ ತಿರುಗಿಸಿಕೊಂಡು ಬರುತ್ತಿದ್ದಾನೆ, ಒಳಗೆ ಮಕ್ಕಳ ಗಲಾಟೆ, ಗಾಜಿನ ಹಿಂದೆ ಅಪ್ಪನ ಮುಖ, ಮಗನನ್ನು ನೋಡಿ ನಗುತ್ತಿದೆ, ಬಸ್ಸು ನಿಲ್ಲಬೇಕಾದ ಜಾಗಕ್ಕೆ ಬಂತು, ನಿಲ್ಲಲಿಲ್ಲ, ಮೆಲ್ಲಗೆ ಬರುತ್ತಲೇ ಇದೆ, ಅಪ್ಪ ನಗುತ್ತಲೇ ಇದ್ದಾನೆ, ನಿಲ್ಲಿಸಿದೆ ಅಂದುಕೊಂಡವನ ನಗು ಅದು, ಇಗೋ ಬಂದೆ ಕಣೋ ಅನ್ನುವ ನಗು, ಅಪ್ಪಾ ಬ್ರೇಕು, ಅಪ್ಪಾ, ಅವನು ಪಕ್ಕಕ್ಕೆ ಹಾರಿದ, ಬಸ್ಸು ಹಳೆ ಟೈರುಗಳ ರಾಶಿಗೆ ಒರಗಿ ತಾನಾಗಿ ನಿಂತಿತು, ಟೈರುಗಳು ಉರುಳಿಕೊಂಡು ರಸ್ತೆಗೆ ಹೋದವು, ಮಕ್ಕಳು ಹೋ ಅಂತ ಚಪ್ಪಾಳೆ ತಟ್ಟಿದವು, ಬಸ್ ತಾತಾ ಇನ್ನೊಂದ್ ಸಲ, ಬಾಗಿಲು ತೆಗೆದು ನೋಡಿದರೆ ಅಪ್ಪನ ಬಲಗಾಲು ಬ್ರೇಕಿನ ಮೇಲಿಲ್ಲ, ಬ್ರೇಕಿನ ಪಕ್ಕದ ತಗಡನ್ನು ಬಲವಾಗಿ ಒತ್ತಿಕೊಂಡಿದೆ, ತೊಡೆ ನಡುಗುವಷ್ಟು ಬಲವಾಗಿ. ಒತ್ತಿದೀನಿ ಅಂದ್ಕೊಂಡೆ ಕಣೋ, ಅಂದ ಅಪ್ಪ, ತನ್ನ ಕಾಲನ್ನೇ ನೋಡುತ್ತ, ಬೇರೆ ಯಾರೋ ಅಲ್ಲಿಟ್ಟು ಹೋದ ವಸ್ತುವನ್ನು ನೋಡುವ ಹಾಗೆ, ಆಮೇಲೆ ಅವನ ಮಣಿಕಟ್ಟು ಹಿಡಿದು, ಯಾರಿಗೂ ಹೇಳಬೇಡ, ನಿನ್ನ ದಮ್ಮಯ್ಯ.

ಅವತ್ತು ಸಂಜೆಯೇ ಅಪ್ಪ ಕಾಲು ತಣ್ಣಗಾಗಿದೆ ಅಂತ ಶುರು ಮಾಡಿದ್ದು, ಮಂಜುಗಡ್ಡೆ ಕಟ್ಟಿದ ಹಾಗಿದೆ, ರಕ್ತ ಓಡ್ತಿಲ್ಲ, ಬಿಸಿನೀರಲ್ಲಿ ಇಟ್ರೆ ಎಚ್ಚರ ಆಗುತ್ತೆ, ಅಂತ, ಎಚ್ಚರ ಅಂದಿದ್ದನಂತೆ, ನಿದ್ದೆ ಹೋದವರನ್ನು ಎಬ್ಬಿಸುವ ಹಾಗೆ ಎಬ್ಬಿಸಲು ಹೊರಟಿದ್ದ, ಬಸ್ಸಿನ ವಿಷಯ ಅಮ್ಮನಿಗೇನು ಗೊತ್ತು, ಪಾಪ, ನೀರು ಕಾಯಿಸಿ ಬಕೆಟ್ಟಿಗೆ ಸುರಿದಳು, ಕೈ ಅದ್ದಿ ನೋಡಿದಳು, ಹದವಾಗಿದೆ ಇಡ್ರೀ ಅಂದಳು, ಅಮ್ಮನ ಕೈ, ಅದೊಂದು ಕೈಯಾ, ಹಾಸ್ಟೆಲ್ಲಿನ ಅಡುಗೆಮನೆಯಲ್ಲಿ ಇಡೀ ಆಯುಷ್ಯ ಕುದಿಯುವ ಪಾತ್ರೆಗಳನ್ನು ಬಟ್ಟೆ ಹಿಡಿಯದೆ ಇಳಿಸಿದ ಕೈ, ಒಲೆಯಿಂದ ಬಿದ್ದ ಕೆಂಡವನ್ನು ಎರಡು ಬೆರಳಲ್ಲಿ ಎತ್ತಿ ಒಳಗೆ ಹಾಕುವ ಕೈ, ಆ ಕೈಗೆ ಹದವಾದ ನೀರು, ಆ ಕಾಲಿಗೆ ತಣ್ಣಗಿನ ನೀರು, ಏನೂ ಗೊತ್ತಾಗ್ತಿಲ್ಲ ಕಣೇ ಇನ್ನೊಂದು ಚೊಂಬು ಹಾಕು, ಹಾಕಿದೆ ಕಣ್ರೀ, ಇನ್ನೊಂದು ಹಾಕು, ಗಂಡ ಹೆಂಡತಿ ಇಬ್ಬರೂ ಹರಟುತ್ತ ಕೂತಿದ್ದರು, ಅವನು ಅಂಗಡಿ ಮುಚ್ಚಿ ಬಂದ, ಬಚ್ಚಲಿನಿಂದ ಹೊಗೆಯ ಹಾಗೆ ಹಬೆ, ಏನಪ್ಪಾ ಇದು ಅಂತ ಬಕೆಟ್ಟಿಗೆ ಬೆರಳಿಟ್ಟ, ಕಿರುಚಿದ, ಆ ಮನೆಯಲ್ಲಿ ಆ ನೀರಿಗೆ ಕಿರುಚಿದವನು ಅವನೊಬ್ಬನೇ. ಅಮ್ಮ, ಏನಾಯ್ತೋ, ಬೆಚ್ಚಗಿದೆ ಅಷ್ಟೇ ಅಲ್ವಾ, ಅಂತ ಮತ್ತೆ ಕೈಯಿಟ್ಟಳು, ಆರಾಮಾಗಿ, ಮೊಣಕೈವರೆಗೆ, ಅಪ್ಪ ಕಾಲೆತ್ತಿ ನೆಲಕ್ಕಿಟ್ಟು ನಾಲ್ಕು ಹೆಜ್ಜೆ ನಡೆದ, ಎಚ್ಚರ ಆಯ್ತು ನೋಡು, ಹಗುರ ಆಯ್ತು, ಅಂದ, ಮಗ ನೆಲ ನೋಡಿದ, ಒದ್ದೆ ಹೆಜ್ಜೆಗಳ ನಡುವೆ ಒಂದು ಕಾಲುಚೀಲ ಬಿದ್ದಿದೆ, ತೆಳ್ಳಗೆ, ಒದ್ದೆಯಾಗಿ, ಅಪ್ಪ ಕಾಲುಚೀಲ ಹಾಕಿಕೊಂಡೇ ನೀರಿಗಿಟ್ಟನಾ ಎಂದುಕೊಂಡು ಬಗ್ಗಿ ಎತ್ತಿಕೊಂಡ, ಎತ್ತಿಕೊಂಡ ಮೇಲೆ ಗೊತ್ತಾಯಿತು, ಬಟ್ಟೆಯಲ್ಲ — ಬೇಡ, ಅದು ಬೇಡ, ಅದು ಬೆರಳಿಗೆ ಅಂಟಿದ ಬಗೆ ಬೇಡ, ಟೈರಿನೊಳಗೆ ಕೈಯಿಟ್ಟಾಗೆಲ್ಲ ಬೆರಳಿಗೆ ಅದೇ ಮತ್ತೆ ಸಿಗುತ್ತದೆ.

ಬ್ಲೇಡು ನಿಂತಿತು, ಸಿಸ್ಟರ್ ಸಲೈನ್ ಸುರಿದು ತೊಳೆಯುತ್ತಿದ್ದಾಳೆ, ಹುಣ್ಣು ಈಗ ಹೆಬ್ಬೆರಳಿನ ಬುಡದಲ್ಲಿ ಒಂದು ಅಂಗಿ ಗುಂಡಿಯಷ್ಟಾಗಿದೆ, ತಳ ಕೆಂಪಗಿದೆ, ಕೆಂಪಗಿರೋದು ಒಳ್ಳೇದು ಅನ್ನುತ್ತಾಳೆ, ಮಗನ ಕಡೆ ತಿರುಗಿ, ದಿನಾ ನೋಡ್ತಿದೀಯಾ ತಾನೇ, ಬೆರಳ ಸಂದಿ ಒರೆಸ್ತಿದೀಯಾ, ಹಿಮ್ಮಡಿ ಬಿರುಕಿಗೆ ಎಣ್ಣೆ ಹಚ್ತೀಯಾ, ಸಂದಿಗೆ ಹಚ್ಚಬೇಡ ಮತ್ತೆ, ಹೂಂ ಸಿಸ್ಟರ್, ಬರಿಗಾಲಲ್ಲಿ ಬಿಡಬೇಡ, ಮನೆಯೊಳಗೂ, ಹೂಂ ಸಿಸ್ಟರ್. ಆ ಗೋಡೆಯ ಮೇಲಿನ ಚಿತ್ರವೂ ಅದನ್ನೇ ಹೇಳುತ್ತದೆ, ನಿಮ್ಮ ಪಾದ ನಿಮ್ಮ ಕೈಯಲ್ಲಿ, ಯಾವನೋ ನಗುಮುಖದವನು ಕಾಲೆತ್ತಿ ಕನ್ನಡಿ ನೋಡಿಕೊಳ್ಳುತ್ತಿದ್ದಾನೆ, ಯಾವ ಸಕ್ಕರೆ ಕಾಯಿಲೆಯವನು ಹಾಗೆ ನಗುತ್ತಾನೆ, ಬರೆದವನನ್ನು ಕರೆದು ತಂದು ನಮ್ಮ ಮನೆಯ ನೆಲದ ಮೇಲೆ ಕೂರಿಸಬೇಕು, ನೆಲಕ್ಕೆ ಕನ್ನಡಿ ಹಾಸಿ ಅದರ ಮೇಲೆ ಅಪ್ಪನ ಕಾಲು ಹಿಡಿಯುವುದು ಮಗನ ಕೆಲಸ, ಅಪ್ಪ ಮೊದಲ ಸಲ ಬಗ್ಗಿ ನೋಡಿದಾಗ, ಇದು ಯಾರ ಕಾಲೋ, ಅಂದ, ತಮಾಷೆ ಇರಲಿಲ್ಲ ದನಿಯಲ್ಲಿ, ನಿಂದೇ ಅಪ್ಪ, ನಂದಲ್ಲ ಕಣೋ, ನನ್ನ ಕಾಲು ಹೀಗಿರಲಿಲ್ಲ, ಆಮೇಲೆ ನೋಡಲೇ ಇಲ್ಲ, ಮುಖ ತಿರುಗಿಸಿ ಕೂರುತ್ತಾನೆ, ನಿನ್ನ ಕೆಲಸ ಮಾಡ್ಕೋ ಅನ್ನುತ್ತಾನೆ, ಮನೆಯಲ್ಲಿ ಯಾರೋ ಮಾತಾಡದ ಬಾಡಿಗೆದಾರನಿದ್ದ ಹಾಗೆ ಇದೆ ಆ ಕಾಲು, ಬೆಚ್ಚಗಿದೆ, ನಾಡಿ ಬಡಿಯುತ್ತದೆ, ಉಗುರು ಬೆಳೆಯುತ್ತದೆ, ಕರೆದರೆ ಓಗೊಡುವುದಿಲ್ಲ. ಬೆಳಿಗ್ಗೆ ಬೂಟು ಹಾಕುವ ಮುಂಚೆ ಒಳಗೆ ಕೈಯಾಡಿಸುವುದೂ ಮಗನೇ, ಟೈರಿನ ಹಾಗೆಯೇ, ಒಂದು ದಿನ ಕಲ್ಲು, ಒಂದು ದಿನ ಪೆನ್ನಿನ ಮುಚ್ಚಳ, ಹಳೇ ಬೂಟಿನಲ್ಲಿ ಒಂದು ಮೊಳೆಯೇ ಸಿಕ್ಕಿತ್ತು, ಅಟ್ಟೆ ತೂರಿ ಒಳಗೆ ಬಂದದ್ದು, ತುದಿ ಫಳಫಳ ಹೊಳೆಯುತ್ತಿತ್ತು, ತಿಕ್ಕಿ ತಿಕ್ಕಿ ಪಾಲಿಶ್ ಆದ ಹಾಗೆ, ಎಷ್ಟು ಕಾಲ ಅದರ ಮೇಲೆ ನಡೆದಿದ್ದನೋ, ಅವತ್ತಿನಿಂದಲೇ ಇರಬೇಕು ಇದು ಶುರುವಾದದ್ದು, ಅಪ್ಪನ ಕಾಲಿಗೆ ಆಗುವುದು ತನ್ನ ಕಾಲಿಗೆ ಗೊತ್ತಾಗುವುದು, ಅಂಗಡಿಯಲ್ಲಿ ಪಂಪು ಒತ್ತುತ್ತಿರುತ್ತಾನೆ, ಇದ್ದಕ್ಕಿದ್ದ ಹಾಗೆ ಬಲ ಅಂಗಾಲಿನಲ್ಲಿ ಚುಳ್ ಅನ್ನುತ್ತದೆ, ಚಪ್ಪಲಿ ಬಿಚ್ಚಿ ನೋಡಿದರೆ ಏನೂ ಇಲ್ಲ, ಮನೆಗೆ ಹೋಗಿ ನೋಡಿದರೆ ಅಪ್ಪನ ಪಟ್ಟಿಯೊಳಗೆ ಒಂದು ಇರುವೆ ಕಚ್ಚಿಕೊಂಡು ಸತ್ತಿರುತ್ತದೆ. ಯಾರಿಗೆ ಹೇಳುವುದು ಇದನ್ನ, ಓದು ಬಿಟ್ಟವನ ತಲೆ ಕೆಟ್ಟಿದೆ ಅನ್ನುತ್ತಾರೆ.

ಬಂದಳು, ಡಾಕ್ಟರಮ್ಮ, ಹೇಗಿದೀರಿ ಯಜಮಾನ್ರೇ, ನೀವು ನೋಡ್ಕೊಂಡ ಮೇಲೆ ಹೇಗಿರ್ಬೇಕು ತಾಯಿ, ನಾಳೆನೇ ಗಾಡಿ ಹತ್ತಲಾ, ಹತ್ತುವಿರಂತೆ ಮೊದಲು ಕಣ್ಣು ಮುಚ್ಚಿ — ಜೇಬಿನಿಂದ ಪೆನ್ನಿನಂಥದ್ದು ತೆಗೆದಳು, ಅದರ ತುದಿಗೊಂದು ನೈಲಾನ್ ದಾರದ ತುಂಡು, ಗಾಳದ ದಾರದ ಹಾಗೆ ಬಿರುಸಾಗಿ ನಿಂತಿದೆ, ಮೊದಲು ಅಪ್ಪನ ಅಂಗೈಗೆ ತಾಕಿಸಿದಳು, ದಾರ ಇಳಿಯಿತು, ಬಿಲ್ಲಿನ ಹಾಗೆ ಬಾಗಿತು, ಗೊತ್ತಾಯ್ತಾ, ಆಯ್ತಮ್ಮ, ಹೀಗೇ ಕಾಲಿಗೂ ಮುಟ್ಟಿಸ್ತೀನಿ, ಗೊತ್ತಾದಾಗ ಹೂಂ ಅನ್ನಿ, ಗೊತ್ತಾಗದಿದ್ರೆ ಸುಮ್ನಿರಿ, ಲೆಕ್ಕ ಹಾಕ್ಕೊಂಡು ಹೇಳೋ ಹಾಗಿಲ್ಲ, ನಾನು ಒಂದೊಂದು ಸಲ ಒಂದೊಂದು ಥರ ತಡ ಮಾಡ್ತೀನಿ. ಅಪ್ಪ ಕೂತ, ಕಾಲು ಚಾಚಿದ, ಕಣ್ಣು ಮುಚ್ಚಿದ, ಮಗನೇ ಬಾ ಇಲ್ಲಿ, ಹಿಂದೆ ನಿಂತ್ಕೋ, ಭುಜ ಹಿಡ್ಕೋ, ಕಣ್ಣು ಮುಚ್ಚಿದ್ರೆ ತಲೆ ಸುತ್ತುತ್ತೆ, ಅಂದ, ಮಗ ಹಿಂದೆ ನಿಂತು ಅಪ್ಪನ ಭುಜದ ಮೇಲೆ ಕೈಯಿಟ್ಟ, ಮೂಳೆ ಎಷ್ಟು ಎದ್ದುಬಿಟ್ಟಿದೆ, ದಾರ ಹೆಬ್ಬೆರಳಿಗೆ ಇಳಿಯಿತು, ಬಾಗಿತು, ಹೂಂ. ಹೂಂ ಅಂದನಾ, ದಾರ ಕಿರುಬೆರಳ ಬುಡಕ್ಕೆ, ಬಾಗಿತು, ಹೂಂ, ಡಾಕ್ಟರಮ್ಮ ತಡ ಮಾಡಿದಳು, ಅಪ್ಪ ಸುಮ್ಮನಿದ್ದ, ದಾರ ಬಾಗಿತು, ಹೂಂ, ಅಪ್ಪಾ ನಿನಗೆ ಗೊತ್ತಾಗ್ತಿದೆ, ಗೊತ್ತಾಗ್ತಿದೆ ಕಣಪ್ಪಾ, ಎಚ್ಚರ ಆಗಿಬಿಟ್ಟಿದೆ, ಮೇಷ್ಟ್ರೇ ನೋಡಿ ಇಲ್ಲಿ, ನಾಳೆ ಹಾರ್ನ್ ಹೊಡೀತಾನೆ ಇವನು, ಬೀದಿ ಬೀದಿಯಲ್ಲಿ, ಕಣ್ಣು ತುಂಬಿಕೊಂಡಿತು, ಒರೆಸಿಕೊಳ್ಳಲು ಕೈಯೆತ್ತಿದ, ಆ ಹೊತ್ತಿಗೇ ದಾರ ಬಾಗಿತು, ಅಪ್ಪ ಏನೂ ಅನ್ನಲಿಲ್ಲ.

ಇರಲಿ, ಒಂದು ಜಾಗ ತಪ್ಪಬಹುದು, ಕೈ ಮತ್ತೆ ಭುಜದ ಮೇಲೆ, ದಾರ ಬಾಗಿತು, ಹೂಂ, ಈ ಸಲ ಅವನು ದಾರವನ್ನಲ್ಲ, ತನ್ನ ಕೈಯನ್ನು ನೋಡುತ್ತಿದ್ದ, ತೋರುಬೆರಳು ಒಂದು ಕೂದಲೆಳೆಯಷ್ಟು ಮುದುರಿತು, ಅದರ ಹಿಂದೆಯೇ ಹೂಂ, ಅಯ್ಯೋ ಅಪ್ಪ, ಅಯ್ಯೋ ನನ್ನಪ್ಪ, ಹೂಂ ಅನ್ನುತ್ತಿರುವುದು ಕಾಲಲ್ಲ, ಭುಜ. ಕೈ ಗಟ್ಟಿ ಮಾಡಿದ, ಅಲ್ಲಾಡಬಾರದು, ಕಲ್ಲಾಗಬೇಕು, ಉಸಿರು ಹಿಡಿದ, ದಾರ ಬಾಗಿತು, ಬೆರಳು ಮುದುರಿತು, ಹೂಂ, ನೋಡುವುದರಿಂದ ತಾನೇ ಹೀಗೆ, ನೋಡುವುದೇ ಬೇಡ, ಅವನೂ ಕಣ್ಣು ಮುಚ್ಚಿದ, ಈಗ ಇಬ್ಬರಿಗೂ ಕತ್ತಲೆ, ಅಪ್ಪನ ಭುಜ ಏರುತ್ತದೆ ಇಳಿಯುತ್ತದೆ, ಎಲ್ಲೋ ನಲ್ಲಿ ತೊಟ್ಟಿಕ್ಕುತ್ತಿದೆ, ಏನೂ ಇಲ್ಲ, ಏನೂ ಇಲ್ಲ, ಆಮೇಲೆ ತನ್ನ ಬಲ ಅಂಗಾಲಿನ ನಟ್ಟ ನಡುವೆ, ಚಪ್ಪಲಿಯ ಒಳಗೆ, ಒಂದು ದಾರ ಇಳಿಯಿತು, ಬಾಗಿತು — ಬೆರಳು ಮುದುರಿತು — ಹೂಂ, ಅಂದ ಅಪ್ಪ — ಸರಿಯಾಗಿದೆ ಯಜಮಾನ್ರೇ, ಅಂದಳು ಡಾಕ್ಟರಮ್ಮ. ಕಣ್ಣು ತೆರೆದರೆ ಎಲ್ಲ ಇದ್ದ ಹಾಗೇ ಇದೆ, ಬಿಳೀ ಬೆಳಕು, ಬಟ್ಟಲಿನಲ್ಲಿ ಚರ್ಮದ ಸುರುಳಿ, ಮಾಸ್ಕಿನ ಮೇಲೆ ಸಿಸ್ಟರಿನ ನಗುವ ಕಣ್ಣು, ಪರವಾಗಿಲ್ವೇ, ನಾನು ಅಂದ್ಕೊಂಡಿದ್ದಕ್ಕಿಂತ ಎಷ್ಟೋ ಚೆನ್ನಾಗಿದೆ, ಇನ್ನೊಂದೆರಡು ಜಾಗ ನೋಡಿಬಿಡ್ತೀನಿ, ಅನ್ನುತ್ತಿದ್ದಾಳೆ ಡಾಕ್ಟರಮ್ಮ, ಬರೆದುಕೊಡುತ್ತಾಳೆ ಇವಳು, ಸಂತೋಷವಾಗಿ ಬರೆದುಕೊಡುತ್ತಾಳೆ, ಹುಣ್ಣು ಮುಚ್ಚಿದ ಮಾರನೆಯ ದಿನವೇ ಅಪ್ಪ ಹಳದಿ ಬಸ್ಸು ಹತ್ತುತ್ತಾನೆ, ಕನ್ನಡಿ ಸರಿ ಮಾಡಿಕೊಳ್ಳುತ್ತಾನೆ, ಬಸ್ ತಾತಾ, ಮಕ್ಕಳು ಬ್ಯಾಗು ಎಸೆದು ಸೀಟು ಹಿಡಿಯುತ್ತವೆ, ಇಳಿಜಾರಿನ ಕೊನೆಯ ತಿರುವಿನಲ್ಲಿ ಯಾವುದೋ ಸೈಕಲ್ ಅಡ್ಡ ಬರುತ್ತದೆ, ಆ ಕಾಲು ತಗಡನ್ನು ಒತ್ತುತ್ತದೆ, ತೊಡೆ ನಡುಗುವಷ್ಟು ಬಲವಾಗಿ, ಆಗ ಭುಜದ ಮೇಲೆ ಯಾರ ಕೈಯಿರುತ್ತದೆ, ಅವನೇ ದಿನಾ ಹಿಂದೆ ನಿಂತುಕೊಂಡು ಹೋಗುವುದಾ, ಅಂಗಡಿ ಮುಚ್ಚಿ, ಜೀವಮಾನವಿಡೀ, ಅಪ್ಪನ ಕಾಲಿಗೆ ನರವಾಗಿ, ಹೋಗಿಬಿಡಲೇ, ಒಂದು ಕ್ಷಣ ಅದೂ ಸರಿ ಅನ್ನಿಸಿತು, ನೋಡಿದಿರಾ ಎಂಥ ಹುಚ್ಚು, ಆ ಬೆಚ್ಚಗಿನ ಭುಜ ಅವನ ಕೈಯನ್ನು ಹಾಗೆ ಹಿಡಿದುಕೊಂಡಿತ್ತು, ಕೈ ಭುಜವನ್ನು ಹಿಡಿದಿಲ್ಲ, ಭುಜವೇ ಕೈಯನ್ನು ಹಿಡಿದಿದೆ, ಮೇಲಕ್ಕೆ ಒತ್ತುತ್ತಿದೆ, ಕೆನ್ನೆ ಸ್ವಲ್ಪ ಇತ್ತ ವಾಲಿದೆ, ಅಪ್ಪನಿಗೆ ಗೊತ್ತು, ಮೊದಲಿಂದಲೂ ಗೊತ್ತು, ಕಣ್ಣು ಮುಚ್ಚಿಕೊಂಡೇ, ತುಟಿ ಅಲುಗಿಸದೆ, ತೆಗೀಬೇಡ ಕಣೋ, ಅಂದ. ಏನಂದ್ರಿ, ಅಂದಳು ಡಾಕ್ಟರಮ್ಮ. ಏನಿಲ್ಲಮ್ಮ, ಮಗನಿಗೆ.

ಸಿಟ್ಟು ಬಂತು, ಸದ್ಯ, ಸಿಟ್ಟಾದರೂ ಬಂತು, ಅದು ಬಂದರೆ ಅವನಿಗೆ ಏನಾದರೂ ಮಾಡಲು ಆಗುತ್ತದೆ, ಬಸ್ಸಿನ ವಿಷಯ ಮುಚ್ಚಿಟ್ಟಿದ್ದಾಯಿತು, ಬಿಸಿನೀರು ಕೈಜಾರಿ ಬಿತ್ತು ಅಂತ ಡಾಕ್ಟರಮ್ಮನಿಗೆ ಹೇಳಿ ಅದನ್ನೂ ಮುಚ್ಚಿಟ್ಟಿದ್ದಾಯಿತು, ಈಗ ನನ್ನ ಮೈಯನ್ನೇ ಕದೀತೀಯಾ ಅಪ್ಪ, ಕೇಳಿದ್ದರೆ ಕೊಡುತ್ತಿದ್ದೆನಲ್ಲ, ಈ ಬೆರಳು ಈ ಕಾಲು ಕತ್ತರಿಸಿ ಕೊಡುತ್ತಿದ್ದೆ, ಆ ಮಕ್ಕಳು ಯಾರಪ್ಪನ ಮಕ್ಕಳು, ಜುಟ್ಟು ಎಳೆಸಿಕೊಂಡವಳು, ಚಪ್ಪಾಳೆ ತಟ್ಟಿದವನು, ಅವರಿಗೆ ಕಿರುಚುವುದು ಬರುತ್ತದೆ, ಅಪ್ಪ, ಅವರೆಲ್ಲರಿಗೂ ನೋವು ಗೊತ್ತಾಗುತ್ತದೆ — ಕೈ ತೆಗೆದ. ಒಂದೊಂದೇ ಬೆರಳಾಗಿ ಬಿಡಿಸಿಕೊಳ್ಳಬೇಕಾಯಿತು, ಹಸಿ ಗೋಂದಿನಿಂದ ಬಿಡಿಸಿದ ಹಾಗೆ, ಎರಡು ಹೆಜ್ಜೆ ಹಿಂದೆ ಸರಿದು ಗೋಡೆಗೆ ಒರಗಿದ. ಅಪ್ಪನ ಭುಜ ಗಾಳಿಯಲ್ಲಿ ಹುಡುಕಿತು, ಹಿಂದಕ್ಕೆ ಸ್ವಲ್ಪ, ಇನ್ನೂ ಸ್ವಲ್ಪ, ಸಿಗಲಿಲ್ಲ. ದಾರ ಹಿಮ್ಮಡಿಗೆ ಇಳಿಯಿತು, ಬಾಗಿತು. ಅವನ ಹಿಮ್ಮಡಿ ಸುಟ್ಟ ಹಾಗಾಯಿತು, ಗೋಡೆಯನ್ನು ಗಟ್ಟಿಯಾಗಿ ಹಿಡಿದುಕೊಂಡ. ಅಪ್ಪ ಸುಮ್ಮನಿದ್ದಾನೆ. ದಾರ ಎದ್ದಿತು. ಯಜಮಾನ್ರೇ? ಅಪ್ಪನ ಬಾಯಿ ಅರ್ಧ ತೆರೆದಿದೆ, ಹಣೆ ಗಂಟಿಕ್ಕಿದೆ, ದೂರದಿಂದ ಯಾರೋ ಕರೆಯುವುದನ್ನು ಕಿವಿಗೊಟ್ಟು ಕೇಳುವವನ ಹಾಗೆ, ಹೂಂ, ಅಂದ. ದಾರ ಗಾಳಿಯಲ್ಲಿದೆ. ಹೂಂ. ಯಾರೂ ಮುಟ್ಟಿಲ್ಲ ಅಪ್ಪ. ಹೂಂ, ಹೂಂ, ಡಾಕ್ಟರಮ್ಮ ಮುಖವೆತ್ತಿ ಮಗನನ್ನು ನೋಡಿದಳು, ಖಾಲಿ ಭುಜವನ್ನು ನೋಡಿದಳು, ಬಗ್ಗಿ ದಾರವನ್ನು ಮತ್ತೆ ಅಂಗಾಲಿಗೆ ಇಟ್ಟಳು, ಮೆಲ್ಲಗೆ, ತೆಗೆಯದೆ, ಹಾಗೇ ಹಿಡಿದಳು, ದಾರ ಬಾಗಿತು. ಅಪ್ಪ ಇನ್ನೂ ಅದು ಮುಟ್ಟುವುದನ್ನೇ ಕಾಯುತ್ತಿದ್ದಾನೆ. ಬಾಗಿದ ದಾರ. ಮೇಷ್ಟ್ರೂ ಕತ್ತು ಚಾಚಿ ನೋಡುತ್ತಿದ್ದಾರೆ. ಬಿಳೀ ಅಂಗಾಲು, ಅದರ ಮೇಲೆ ಬಾಗಿದ ದಾರ. ಅಪ್ಪಾ. ಬಾಗಿದ ದಾರ, ಬಾಗಿ, ಬಾಗಿಯೇ